ಗುನುಗದೆ ಹೋದ ಹಾಡು

"ಉಳಿಸ್ಕೋಬೇಕಾದ ಹಾಡು ಗುನುಗ್ಕೋತ ಕೂಡ್ರಿ, ಹೊಸಾದು ಹಾಕಲಿಕತ್ತೀನಿ," ಎಂದು ಊರ ಬಾನುಲಿಯಲ್ಲಿ ಹೊಸ ತಂಡಗಳ ಹಾಡು ಹಾಕುವ ಮಹಾನಂದಾ ಎಂದಿನಂತೆ ಎಚ್ಚರಿಸಿದಳು. ಹೊಸ ಹಾಡು ಕಿವಿಗೆ ಬಿದ್ದರೆ ಹಳೆಯದೊಂದು ನೆನಪಿನಿಂದ ಅಳಿಸಿಹೋಗುವುದು ಧಾರವಾಡದವರಿಗೆ ರೂಢಿಯಾಗಿತ್ತು; ಗುನುಗುತ್ತಿದ್ದ ಹಾಡು ಮಾತ್ರ ಉಳಿಯುತ್ತಿತ್ತು. ಪ್ರತಿ ವಾರ ಅವಳು ಗುನುಗುತ್ತಿದ್ದುದು ಅವ್ವನ ಜೋಗುಳ.

ಆದರೆ ಇಂದಿನ ತಂಡದ ಹುಡುಗಿಯರು ಗಿಟಾರಿಗೆ ಎಲ್ಲಮ್ಮನ ಜೋಗತಿಯರು ಮೀಟುವ ಚೌಡಿಕೆಯ ತಂತಿನಾದ ಬೆರೆಸಿದ್ದರು. ಆ ನಾದಕ್ಕೆ ಮೈಮರೆತು ಮಹಾನಂದಾ ಗುನುಗುವುದನ್ನೇ ಬಿಟ್ಟಳು.

ಹಾಡು ಮುಗಿಯುತ್ತಲೇ ಮಗಳ ಫೋನ್ ಬಂತು. "ಅವ್ವಾ, ಕೂಸು ಮಲಗವಲ್ದು. ಅಜ್ಜಿ ಜೋಗುಳದ ಮೊದಲನೇ ಸಾಲು ಹೇಳು, ನನಗ ನೆನಪಾಗವಲ್ದು."

ಮಹಾನಂದಾ ಬಾಯಿ ತೆರೆದಳು. ನಾಲಿಗೆಗೆ ಬಂದದ್ದು ಚೌಡಿಕೆಯ ಹಾಡೇ.

"ನೀ ಗುನುಗ್ತಿರ್ತಿ ಅಂತ ನಾ ಗುನುಗದ ಸುಮ್ನಿದ್ದೆ ಅವ್ವಾ," ಎಂದಳು ಮಗಳು.

ಅಷ್ಟರಲ್ಲಿ, ಅವಳಂತೆಯೇ ಗುನುಗುವುದನ್ನು ಮರೆತಿದ್ದ ಕೇಳುಗರ ಕರೆಗಳಿಂದ ಸ್ಟುಡಿಯೋದ ಉಳಿದ ಫೋನುಗಳೂ ಒಂದೊಂದಾಗಿ ಹೊಡೆದುಕೊಳ್ಳತೊಡಗಿದವು.