ನೂರಿಪ್ಪತ್ತು ಅಡಿ

ಎತ್ತರ ತೋರಿಸುವ ಮುಳ್ಳು ನೂರಿಪ್ಪತ್ತು ಅಡಿ ಬಿಟ್ಟು ಮೇಲೇಳಲೇ ಇಲ್ಲ. ಕೆಳಗೆ ಕ್ರ್ಯಾನ್‌ಬರಿ ಊರಿನ ಗೋದಾಮುಗಳು ಬೆಂಕಿಪೊಟ್ಟಣದಷ್ಟಾಗಿದ್ದವು. ಮುಳ್ಳು ಮಾತ್ರ, ಸಮುದ್ರಮಟ್ಟದಿಂದ ನೂರಿಪ್ಪತ್ತು ಅಡಿ ಮೇಲಿರುವ ರನ್‌ವೇಯನ್ನು ವಿಮಾನ ಇನ್ನೂ ಬಿಟ್ಟೇ ಇಲ್ಲ ಎಂದು ಹಟ ಹಿಡಿದು ಕೂತಿತ್ತು. ಸೂರ್ಯನಾರಾಯಣ ಅದರ ಗಾಜನ್ನು ಬೆರಳಿನಿಂದ ತಟ್ಟಿದ.

"ಏನಾಯ್ತು ರೀ?" ಪಕ್ಕದ ಸೀಟಿನಿಂದ ಹೆಂಡತಿ ಪದ್ಮಜಾ ಹೆಡ್‌ಫೋನಿನ ಮೈಕಿನಲ್ಲಿ ಕೇಳಿದಳು.

"ಏನಿಲ್ಲ. ಹಳೇ ಮುಳ್ಳು. ಸರಿಹೋಗುತ್ತೆ."

ಮುಳ್ಳೇನು, ವಿಮಾನವೇ ಹಳೆಯದು. ಔಷಧಿ ಕಂಪನಿಯಿಂದ ರಿಟೈರ್ ಆದ ಮರುತಿಂಗಳೇ ಸೂರ್ಯನಾರಾಯಣ ಕೊಂಡ ನಾಲ್ಕು ಸೀಟಿನ ಪುಟಾಣಿ. ವಿಸ್ಕಾನ್ಸಿನ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಿಮಾನ ಮೇಳಕ್ಕೆ ಅದನ್ನು ತಾನೇ ಹಾರಿಸಿಕೊಂಡು ಹೋಗಿ, ರೆಕ್ಕೆಯ ಕೆಳಗೆ ಟೆಂಟ್ ಹಾಕಿ ಒಂದು ವಾರ ಮಲಗಬೇಕು, ಇಷ್ಟೇ ಅವನ ಆಸೆ. ಹೋದ ವರ್ಷ ಮಂಡಿ ನೋವು, ಅದರ ಹಿಂದಿನ ವರ್ಷ ಸಿಡಿಲು ಮಳೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಈ ಸಲ ಬಿಟ್ಟಾನೆಯೇ?

"ವಾಪಸ್ ಹೋಗೋಣ ಕಣ್ರೀ."

"ಎರಡು ನಿಮಿಷ ಸುಮ್ನಿರು ಪದ್ಮಾ."

ರೇಡಿಯೊದಲ್ಲಿ ಕಂಟ್ರೋಲರ್ ಹೆಂಗಸಿನ ದನಿ ಚುರುಕಾಯಿತು. ನಮ್ಮ ಪರದೆಯಲ್ಲಿ ನೀನಿನ್ನೂ ರನ್‌ವೇ ಮೇಲೇ ಇರೋ ಹಾಗೆ ಕಾಣ್ತಿದೆ, ನಿಜವಾದ ಎತ್ತರ ಹೇಳು ಎಂದಳು. ಸೂರ್ಯನಾರಾಯಣ ಗಾಜನ್ನು ಮತ್ತೊಮ್ಮೆ ತಟ್ಟಿದ, ಮುಳ್ಳು ನೂರಿಪ್ಪತ್ತರಲ್ಲೇ ಇತ್ತು. ಮೂರು ಸಾವಿರ ಅಡಿಯಿಂದ ಮೇಲೆ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಇಳಿಯುವ ದೊಡ್ಡ ವಿಮಾನಗಳ ದಾರಿ. ಅಲ್ಲಿಗೆ ತಲೆ ಹಾಕಬಾರದೆಂದು ಅವನೇ ನಿನ್ನೆ ಅಡುಗೆಮನೆಯ ಟೇಬಲ್ ಮೇಲೆ ನಕ್ಷೆ ಹರಡಿ ಪದ್ಮಜಾಗೆ ಪಾಠ ಮಾಡಿದ್ದ. ಈಗ ಜುಲೈ ತಿಂಗಳ ಮಬ್ಬಿನಲ್ಲಿ ಆ ಗೆರೆ ಎಲ್ಲಿದೆಯೋ, ದಾಟಿ ಆಯಿತೋ ಏನೋ! ಅಷ್ಟರಲ್ಲಿ ಬಲಗಡೆಯ ಮಬ್ಬನ್ನು ಸೀಳಿಕೊಂಡು ಒಂದು ಜೆಟ್ ಅವರ ನೆತ್ತಿಯ ಮೇಲೆಯೇ ಹಾದುಹೋಯಿತು. ಅದರ ಚಕ್ರಗಳು ಪದ್ಮಜಾಗೆ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು.

"ಆ ಮುಳ್ಳಿಗೆ ಎತ್ತರ ಹೇಗ್ರೀ ಗೊತ್ತಾಗುತ್ತೆ?" ಏನಾದರೂ ಮಾತಾಡದಿದ್ದರೆ ಅತ್ತೇಬಿಡುತ್ತೇನೆ ಅನ್ನಿಸಿ ಕೇಳಿದಳು.

"ಎಡಗಡೆ ಬಾಗಿಲ ಮುಂದೆ ಸಣ್ಣದೊಂದು ತೂತಿದೆ. ಅಲ್ಲಿಂದ ಗಾಳಿ ಒಳಗೆ ಬರಬೇಕು." ಅವನು ಅವಳ ಕಡೆ ತಿರುಗಲಿಲ್ಲ.

ಪದ್ಮಜಾ ಎಡಗಡೆಯ ಬಾಗಿಲನ್ನು ನೋಡಿದಳು. ಬೆಳಗ್ಗೆ ಅವನು ವಿಮಾನವನ್ನೆಲ್ಲ ಪರೀಕ್ಷೆ ಮಾಡಿ, "ಇದು ಕಾರಲ್ಲ, ಪೂಜೆಗೀಜೆ ಅಂತ ಏನೂ ಮುಟ್ಬೇಡ" ಎಂದು ಗದರಿಸಿ ಬಾತ್‌ರೂಮಿಗೆ ಹೋಗಿದ್ದ. ಅವನು ಅತ್ತ ಹೋದದ್ದೇ ತಡ, ಇವಳು ಪರ್ಸಿನಿಂದ ಡಬ್ಬಿ ತೆಗೆದಿದ್ದಳು. ಗಂಧದಲ್ಲಿ ಕಲಸಿದ ಕುಂಕುಮ. ಅಷ್ಟು ದೊಡ್ಡ ಬಿಳಿ ಮೈಯಲ್ಲಿ ಎಲ್ಲಿಡುವುದೆಂದು ಹುಡುಕುವಾಗ, ಬೊಟ್ಟಿಗೆಂದೇ ಮಾಡಿಟ್ಟ ಹಾಗೆ ದುಂಡನೆಯ ಒಂದು ಗುರುತು ಕಂಡಿತ್ತು. ನಡುವೆ ಸಾಸಿವೆಯಷ್ಟು ತೂತು. ದಪ್ಪಗೆ ಹಚ್ಚಿದ್ದಳು.

ಹೇಳಲೋ ಬೇಡವೋ? ಜನ್ಮವಿಡೀ ಈ ಮಾತು ಹಿಡಿದು ಹಂಗಿಸುತ್ತಾನೆ. ಆದರೆ ಹಂಗಿಸಲಿಕ್ಕಾದರೂ ಜನ್ಮ ಉಳಿಯಬೇಕಲ್ಲ!

"ರೀ, ಅಲ್ಲಿ ನಾನು ಬೊಟ್ಟಿಟ್ಟೆ."

ಅವನು ಬೈಯಲಿಲ್ಲ. ಬೆಚ್ಚಲೂ ಇಲ್ಲ. "ಹಿಂದೆ ಟೆಂಟಿನ ಸುತ್ತಿಗೆ ಇದೆ, ತಗೋ" ಎಂದ. "ಈ ಕೊನೇ ಗಡಿಯಾರದ ಗಾಜು ಒಡಿ. ಅದಕ್ಕೂ ಎತ್ತರದ ಮುಳ್ಳಿಗೂ ಗಾಳಿಯ ಕೊಳವೆ ಒಂದೇ, ಇಲ್ಲಿ ಒಳಗಿನ ಗಾಳಿ ಸಾಕು."

"ಒಡೀಲಾ?"

"ಒಡಿಯೇ!"

ಮೊದಲ ಏಟಿಗೆ ಬಿರುಕು ಬಿಟ್ಟಿತು, ಎರಡನೆಯದಕ್ಕೆ ಗಾಜು ಅವಳ ಮಡಿಲಿಗೆ ಉದುರಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎತ್ತರದ ಮುಳ್ಳು ನಿಧಾನಕ್ಕೆ ಮಿಸುಕಿ, ಸಾವಿರ ದಾಟಿ, ಎರಡು ಸಾವಿರ ದಾಟಿ, ಎರಡು ಸಾವಿರದ ಒಂಬೈನೂರಕ್ಕೆ ಬಂದು ನಿಂತಿತು. ಸೂರ್ಯನಾರಾಯಣ ಆ ಸಂಖ್ಯೆಯನ್ನು ರೇಡಿಯೊಗೆ ಹೇಳಿ, ವಾಪಸ್ ಬರುತ್ತಿದ್ದೇನೆ ಎಂದ. ಹೊರಟ ರನ್‌ವೇಗೇ ಇಳಿದರು. ಚಕ್ರ ನೆಲ ಮುಟ್ಟುವವರೆಗೂ ಪದ್ಮಜಾ ಸುತ್ತಿಗೆಯ ಹಿಡಿ ಬಿಡಲಿಲ್ಲ.

ಇಂಜಿನ್ ನಿಲ್ಲಿಸಿ ಇಬ್ಬರೂ ಇಳಿದು ಎಡಗಡೆಗೆ ಬಂದರು. ಬಿಸಿಲಿಗೆ ಗಟ್ಟಿಯಾಗಿ ಒಣಗಿದ ಕುಂಕುಮ ಒಂದು ಚೂರೂ ಉದುರಿರಲಿಲ್ಲ.

"ತಪ್ಪಾಯ್ತು ರೀ" ಎಂದಳು. ಅಳು ತಡೆಯಲಾಗಲಿಲ್ಲ.

"ಹೊರಡೋಕೆ ಮುಂಚೆ ನಾನು ಇದನ್ನ ನೋಡಿದ್ದೆ."

ಅವಳ ಅಳು ಅಲ್ಲೇ ನಿಂತಿತು. "ನೋಡಿದ್ರಾ? ಮೇಲೆ ಮುಳ್ಳು ನಿಂತಾಗ್ಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಗಾಳಿಗೆ ಉದುರುತ್ತೆ, ಈಗ ಉದುರುತ್ತೆ ಅಂತ ಕಾಯ್ತಿದ್ದೆ."

ಪದ್ಮಜಾಗೆ ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷದಲ್ಲಿ ಒಂದು ದಿನ ದೇವರಿಗೆ ಕೈ ಮುಗಿಯದವನು, ಸತ್ಯನಾರಾಯಣ ಪೂಜೆಯ ದಿನ ಬೇಕೆಂದೇ ಹುಲ್ಲು ಕತ್ತರಿಸಲು ಹೋಗುವವನು! "ಒರೆಸೋಕೇನಾಗಿತ್ರೀ ನಿಮಗೆ ದಾಡಿ?"

"ನೀನಿಟ್ಟ ಕುಂಕುಮ ಕಣೇ. ಬಟ್ಟೆ ತಗೊಂಡೆ, ಕೈ ಬರ್ಲಿಲ್ಲ." ಅವನು ಜೇಬಿನಿಂದ ಒದ್ದೆ ಟಿಶ್ಯೂ ತೆಗೆದು ಅವಳ ಮುಂದೆ ಹಿಡಿದ. "ಇದು ಹೋಗದೆ ಹೊರಡೋ ಹಾಗಿಲ್ಲ. ನೀನೇ ಒರೆಸಿಬಿಡು."

ಪದ್ಮಜಾ ಬೊಟ್ಟನ್ನು ನೋಡಿದಳು, ಗಂಡನನ್ನು ನೋಡಿದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಟಿಶ್ಯೂ ಅವನ ಕೈಯಲ್ಲೇ ಒಣಗತೊಡಗಿತು.