ಮಾವನ ಕ್ರಾಪು

ಜೀವಶಾಸ್ತ್ರದ ಮೇಷ್ಟ್ರು ಆನುವಂಶಿಕತೆಯ ಪಾಠಕ್ಕೆ ತಮ್ಮ ತಲೆಯನ್ನೇ ತೋರಿಸುತ್ತಿದ್ದರು.

"ಬೋಳುತಲೆ ಹೆಚ್ಚಾಗಿ ಬರೋದು ತಾಯಿಯ ತಂದೆಯಿಂದ. ಇದು ನಮ್ಮ ತಾತ ನನಗೆ ಬಿಟ್ಟುಹೋದ ಆಸ್ತಿ."

ಮುಂದೆ ಹುಟ್ಟುವ ಮಗನಿಗೆ ಈ ಆಸ್ತಿ ಬೇಡವೆಂದು, ತಮಗೆ ಹೆಣ್ಣು ನೋಡಲು ಹೋದಲ್ಲೆಲ್ಲ ಮೇಷ್ಟ್ರು ಹುಡುಗಿಯನ್ನು ಬಿಟ್ಟು ಅವಳಪ್ಪನ ತಲೆಯನ್ನೇ ನೋಡಿದರು. ಆರು ಮನೆಯ ಉಪ್ಪಿಟ್ಟು ತಿಂದು ಸುಮ್ಮನೆ ಎದ್ದು ಬಂದರು. ಏಳನೆಯ ಮನೆಯಲ್ಲಿ ಅರವತ್ತು ದಾಟಿದ ಅಪ್ಪನಿಗೆ ಕಾಡಿನಂಥ ಕ್ರಾಪು. ಉಪ್ಪಿಟ್ಟು ಬರುವ ಮೊದಲೇ ಒಪ್ಪಿಗೆಯೆಂದರು.

ತಾಳಿ ಕಟ್ಟಿ ಪಕ್ಕದಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದರು: "ಈ ಬೋಳುತಲೇನ ಅದ್ಹೇಗೆ ಒಪ್ಕೊಂಡೆ?"

ಮದುಮಗಳು ತಲೆ ಬಗ್ಗಿಸಿಯೇ ಹೇಳಿದಳು: "ನನಗೆ ನೋಡಿ ಅಭ್ಯಾಸ ರೀ. ಅಪ್ಪ ಮನೆಗೆ ಬಂದ ತಕ್ಷಣ ವಿಗ್ಗು ತೆಗೆದು ಗೂಟಕ್ಕೆ ಹಾಕ್ತಾರೆ."