ಸುರಿಯುವ ಕೈ

ಗಾಜಿನ ಆಚೆ, ಕೊಳವೆಯಂಥ ಯಂತ್ರದೊಳಗೆ ದುಸಿಕ್ ಮಲಗಿದ್ದ. ಈಚೆ ಅವನ ಹೆಂಡತಿ ಮಾಲ್ಹಿ, ಪರದೆಯ ಮೇಲೆ ಗಂಡನ ಮಿದುಳನ್ನು ನೋಡುತ್ತ ಕೂತಿದ್ದಳು. ಕುಡಿತ ಬಿಡಿಸುವ ಆಸ್ಪತ್ರೆಯ ತಪಾಸಣೆ ಅದು. ಅವನ ಕಣ್ಣೆದುರು ಒಂದೊಂದೇ ಫೋಟೊ ಬರುತ್ತಿತ್ತು. ಹೆಂಡತಿಯ ಮುಖ ಬಂದಾಗ ಮಿದುಳು ಬೂದಿ ಮುಚ್ಚಿದ ಒಲೆಯ ಹಾಗೆ ತಣ್ಣಗಿತ್ತು. ಅವನು ದಿನಾ ಕುಡಿಯುವ ಸೋಜು ಹೆಂಡದ ಬಾಟಲಿ ಬಂತು, ನಡುವೆ ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು. ಯಾವಳದೋ ಕೈ ಲೋಟಕ್ಕೆ ಸೋಜು ಸುರಿಯುವ ಫೋಟೊ ಬಂತು, ಚುಕ್ಕೆ ಇನ್ನೂ ದೊಡ್ಡದಾಯಿತು.

ಮಾಲ್ಹಿಯ ಹೊಟ್ಟೆಗೆ ಕಿಚ್ಚು ಬಿತ್ತು. ಬೂಸಾನ್ ಬಂದರಿನ ಮೀನು ಮಾರುಕಟ್ಟೆಯಲ್ಲಿ ಬಾಯಿ ಜೋರು ಮಾಡಿಯೇ ಬದುಕಿದವಳು, ಸುಮ್ಮನಿರುವ ಪೈಕಿಯವಳಲ್ಲ.

“ಯಾರ್ದು ಆ ಕೈ?”

“ನಮ್ಮ ನರ್ಸ್‌ದು ಅಮ್ಮ. ಫೋಟೊಗೋಸ್ಕರ ಸುರಿದಿದ್ದು,” ಎಂದಳು ಡಾಕ್ಟರ್ ಪ್ಯೋ.

“ಉಗುರಿಗೆ ಬಣ್ಣ ಬೇರೆ! ನನ್ನ ಮುಖಕ್ಕೆ ಏಳದ ಮಿದುಳು ಇವಳ ಬೆರಳಿಗೆ ಎದ್ದು ಕುಣೀತಿದೆಯಲ್ಲ! ನನ್ನ ಕೈದೂ ತೆಗೀರಿ ಫೋಟೊ. ಅವಳು ಗೆಲ್ತಾಳೋ ನಾನು ಗೆಲ್ತೀನೋ ನೋಡೇಬಿಡೋಣ.”

ಮನೆಯವರ ಫೋಟೊಗಳು ಡಾಕ್ಟರಿಗೂ ಬೇಕಿದ್ದವು. ಖಾಲಿ ಸೋಜು ಬಾಟಲಿಗೆ ನೀರು ತುಂಬಿ ಕೊಟ್ಟಳು. ಮೀನು ಕುಯ್ದು ಕುಯ್ದು ಗಾಯದ ಗುರುತು ತುಂಬಿದ ಬಲಗೈಯಲ್ಲಿ ಬಾಟಲಿ, ಅದರ ಮಣಿಕಟ್ಟಿಗೆ ಎಡಗೈ ಆಸರೆ, ಮನೆಯಲ್ಲಿ ಸುರಿಯುವ ಹಾಗೆಯೇ ಮಾಲ್ಹಿ ಸುರಿದಳು.

ಮತ್ತೆ ಯಂತ್ರ ಗುಡುಗಿತು. ಅವಳ ಕೈ ಕಂಡದ್ದೇ ತಡ, ಪರದೆಯ ನಡುಭಾಗವೆಲ್ಲ ಕೆಂಪಾಯಿತು.

“ನೋಡಿದ್ರಾ!” ಮಾಲ್ಹಿ ಚಪ್ಪಾಳೆ ತಟ್ಟಿದಳು. “ಕರೀರಿ ಆ ನರ್ಸನ್ನ, ಅವಳೂ ನೋಡ್ಲಿ!” ಮದುವೆಯ ದಿನವೂ ಅವಳಿಗೆ ಇಷ್ಟು ಖುಷಿಯಾಗಿರಲಿಲ್ಲ.

ಡಾಕ್ಟರ್ ನಗಲಿಲ್ಲ. “ಮನೇಲಿ ದಿನಾ ನೀವೇ ಸುರೀತಿದ್ರಾ?”

“ಮತ್ತಿನ್ಯಾರು? ಮೊದ್ಲು ಮೂಲೆ ಹೆಂಡದಂಗಡೀಗೆ ಹೋಗ್ತಿದ್ರು. ತಾನೇ ಸುರ್ಕೊಂಡ್ರೆ ಎದುರಿಗೆ ಕೂತೋರಿಗೆ ಮೂರು ವರ್ಷ ದರಿದ್ರ ಅಂತಾರಲ್ಲ, ಯಾರಾದ್ರೂ ಸುರೀಲೇಬೇಕು. ಅಲ್ಲಿ ಒಬ್ಬಳು ಹಲ್ಲು ಕಿರೀತಾ ಪಕ್ಕದಲ್ಲೇ ಕೂತು ಸುರೀತಿದ್ಲು. ಆ ಮೂದೇವಿ ಯಾಕೆ, ನಾನಿಲ್ವಾ ಅಂತ ಮನೇಗೇ ಬಾಟಲಿ ತಂದಿಟ್ಟೆ. ಆಮೇಲೆ ಅವರು ಆ ಕಡೆ ತಲೇನೇ ಹಾಕ್ಲಿಲ್ಲ!”

ಡಾಕ್ಟರ್ ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿದಳು. “ಆ ಕೆಂಪು ಪ್ರೀತಿ ಅಲ್ಲಮ್ಮ, ದಾಹ. ಈ ಕೈ ಎದ್ರೆ ಹಿಂದೇನೇ ಸೋಜು ಬರುತ್ತೆ ಅಂತ ಮಿದುಳು ಕಲಿತುಬಿಟ್ಟಿದೆ. ಬಾಟಲಿನ ಮನೆಯಿಂದ ಆಚೆ ಹಾಕಬಹುದು, ಆದ್ರೆ ಈ ಕೈನ… ಸದ್ಯಕ್ಕೆ ಅವರ ಲೋಟಕ್ಕೆ ನೀವು ನೀರೂ ಸುರೀಬೇಡಿ.”

ಮಾಲ್ಹಿ ತನ್ನ ಕೈಗಳನ್ನು ನೋಡಿಕೊಂಡಳು. ಸವತಿಯನ್ನು ಓಡಿಸಿದೆ ಅಂತ ಇಷ್ಟು ವರ್ಷ ಬೀಗಿದ್ದವಳಿಗೆ ಈಗ ಸವತಿ ತನ್ನ ಮಣಿಕಟ್ಟಿನಲ್ಲೇ ಕೂತಿದ್ದಾಳೆ ಅನ್ನಿಸಿ ಮೈ ಉರಿಯಿತು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ದುಸಿಕ್ ಅಭ್ಯಾಸಬಲದಿಂದ ಖಾಲಿ ಲೋಟ ಮುಂದೆ ಚಾಚಿದ. ಬಾರ್ಲಿ ನೀರಿನ ಕೆಟಲ್ ಅವಳ ಪಕ್ಕದಲ್ಲಿತ್ತು. ಅವನ ಕಣ್ಣು ಅವಳ ಕೈಯ ಮೇಲೇ ಇತ್ತು. ಇಷ್ಟು ದಿನ ಅದನ್ನು ಅವಳು ಗಮನಿಸಿಯೇ ಇರಲಿಲ್ಲ. ಕೆಟಲನ್ನು ಮೊಣಕೈಯಿಂದ ಅವನತ್ತ ತಳ್ಳಿ, ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು.

“ನೀವೇ ಹಾಕ್ಕೊಳ್ಳಿ.”

“ನಿಂಗೇನು ಹುಚ್ಚಾ? ಎದುರಿಗೆ ಕೂತಿರೋಳು ನೀನು. ಮೂರು ವರ್ಷ ನಿಂಗೇ ದರಿದ್ರ ಹಿಡಿಯುತ್ತೆ.”

“ಮೂರು ವರ್ಷ ತಾನೆ, ಹಿಡೀಲಿ ಬಿಡಿ,” ಎಂದಳು ಮಾಲ್ಹಿ. “ಅಷ್ಟರೊಳಗೆ ನನ್ನ ಮುಖ ನೋಡೋದು ಕಲೀರಿ.”